ಬೆನ್ನಿಗೆ ಬಂದೂಕು, ಹೆಗಲಿಗೆ ಬಿಲ್ಲು: ಹೊರುವ ಚೀಲದ ಆಯ್ಕೆ

ಪುಣೆಯಿಂದ ಹಡಪಸರದ ಮಾರ್ಗವಾಗಿ ದಿವೆ ಘಾಟನ್ನೇರಿ ಸುಮಾರು 30 ಕಿ.ಮೀ. ಕ್ರಮಿಸಿದರೆ ಕರ್ಹಾ ನದಿಯ ದಂಡೆಯ ಸಾಸವಡ ದೊರೆಯುತ್ತದೆ. ಸಂತ ಸೋಪಾನದೇವರ ಸಮಾಧಿಯಿರುವ ಈ ಊರು ಅಂಜೂರ ಮತ್ತು ಸೀತಾಫಲಗಳಿಗೂ ಹೆಸರಾದುದು. ಕನ್ನಡನಾಡಿನ ಮೈಲಾರಲಿಂಗನನ್ನು ಖಂಡೋಬಾ ಎಂಬ ಹೆಸರಿನಲ್ಲಿ ಕಾಣಲು ಜೇಜುರಿಗೆ ಹೊರಟ ಪುಣೆಯ ಕನ್ನಡ ಕುಟುಂಬಗಳು ಸಾಸವಡವನ್ನು ಹಾದೇ ಹೋಗುತ್ತವೆ. ಆದರೆ ವೈದ್ಯನ ದೃಷ್ಟಿಯಿಂದ ನೋಡಿದವರಿಗೆ ಇದು ಹೊರೆ ಹೊರುವವರ ಊರಾಗಿಯೂ ಕಂಡೀತು. ಜ್ಞಾನೇಶ್ವರ ಮಹಾರಾಜರ ಪಾಲಕಿಯೊಡನೆ ಘಾಟನ್ನೇರಿ ಬರುವ ವಾರಕರಿಗಳು ತಲೆಯ ಮೇಲೆ ತುಲಸಿಯನ್ನೋ ಹೆಗಲ ಮೇಲೆ ಗಂಟನ್ನೋ ಹೊತ್ತಿರುತ್ತಾರೆ. ಊರಿನ ನೈರುತ್ಯಕ್ಕಿರುವ ಪುರಂದರ ದುರ್ಗವಂತೂ ಬಹುಕಾಲದಿಂದ ಎನ್.ಸಿ.ಸಿ. ತರಬೇತಿಗೆ ಬಳಕೆಯಾಗುತ್ತ ಬಂದಿದೆ. 1665ರಲ್ಲಿ ಶಿವಾಜಿ ಮಹಾರಾಜರೂ ಮಿರ್ಜಾ ರಾಜಾ ಜಯಸಿಂಹನೂ ಒಪ್ಪಂದ ಮಾಡಿಕೊಂಡುದು ಇದೇ ದುರ್ಗದ ಹೆಸರಿನಲ್ಲಿ. ಅಂದಿನ ಸೈನಿಕನಿಗೂ ಇಂದಿನ ಕ್ಯಾಡೆಟ್ಟಿಗೂ ಸಮಾನವಾದ ಪ್ರಶ್ನೆಯೊಂದುಂಟು: ಆಯುಧವನ್ನು ಶರೀರದ ಯಾವ ಭಾಗದ ಮೇಲೆ ಹೊರಬೇಕು?

ಹಿಂದೆ ಈ ಪ್ರಶ್ನೆಯನ್ನು ಬೇಟೆಗಾರರು ಬಿಡಿಸಿಕೊಂಡಿದ್ದರು. ಪುರಂದರ ಸೀಮೆಯ ಗುಡ್ಡಗಳಲ್ಲಿ ಕಾವಲು ಕಾಯುತ್ತಿದ್ದವರು ರಾಮೋಶಿಗಳು. ಬ್ರಿಟಿಷರ ವಿರುದ್ಧ ಬಂಡೆದ್ದು 1832ರಲ್ಲಿ ಪುಣೆಯಲ್ಲಿ ಗಲ್ಲಿಗೇರಿದ ಉಮಾಜಿ ನಾಯಕನು ಈ ತಾಲೂಕಿನ ಭಿವಡಿ ಗ್ರಾಮದವನು. ರಾಮೋಶಿಗಳೊಡನೆ ಹೆಸರಿಸಲಾಗುವ ‘ಬೇರಡ’ರು ಕನ್ನಡದ ಬೇಡರೇ. ಇತ್ತ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಲಾರೆವೆಂದು ಪ್ರಾಣವನ್ನೇ ಕೊಟ್ಟರು. ಆಯುಧವೆಂಬುದು ಅವರಿಗೆ ಅಂಗದಂತೆಯೇ ಇತ್ತು. ಅದನ್ನು ಹೊರುವ ಬಗೆಯೂ ನಡಿಗೆಯಷ್ಟೇ ಸಹಜವಾಗಿ ರೂಢಿಯಾಗಿತ್ತು.

ಈಗ ಬೇಟೆಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಸಾಸವಡದಿಂದ ಪೂರ್ವಕ್ಕೆ ಸುಪೆಯ ಬಳಿ ಮಯೂರೇಶ್ವರ ಅಭಯಾರಣ್ಯದ ಹುಲ್ಲುಗಾವಲಿನಲ್ಲಿ ಮೇಯುವ ಚಿಂಕಾರವನ್ನು ಕೊಂದವನಿಗೆ 3ರಿಂದ 7 ವರ್ಷಗಳ ಸೆರೆವಾಸ ಕಾದಿರುತ್ತದೆ. ಇದು ಯುಕ್ತವೇ ಆಗಿದೆ. ಪರದೇಶದ ಅಂಗಡಿಗಳು ‘ಬೇಟೆಯ ಬೆನ್ನುಚೀಲ’ವೆಂದು ಮಾರುವ ವಸ್ತು ಮಾತ್ರ ನಮ್ಮ ನಗರಗಳಿಗೂ ಬಂದಿದೆ. ಅದನ್ನು ಕೊಳ್ಳುವವರು ಬೇಟೆಗಾರರಲ್ಲ. ಬಾಲೇವಾಡಿಯ ಕ್ರೀಡಾಸಂಕುಲದಲ್ಲಿ ಗುರಿ ಹೊಡೆಯಲು ಕಲಿಯುವ ಮಕ್ಕಳು, ಬಿಲ್ವಿದ್ಯೆಯ ಅಭ್ಯಾಸಿಗಳು, ಕ್ಯಾಡೆಟ್ಟುಗಳು, ಚಾರಣಿಗರು ಅದರ ಗಿರಾಕಿಗಳು. ಕೊಡಗಿನವರ ಸಂಗತಿ ಬೇರೆ. ಶಸ್ತ್ರ ಕಾಯಿದೆಯ ವಿನಾಯಿತಿಯಂತೆ ಅವರ ಮನೆಗಳಲ್ಲಿ ಕೋವಿ ಇಂದಿಗೂ ಉಂಟು. ಸೆಪ್ಟೆಂಬರದ ಕೈಲ್‌ಪೋಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಸಲ್ಲುತ್ತದೆ.

ಹೊರೆಯ ವಿಷಯದಲ್ಲಿ ಶರೀರದ ನಿಯಮ ಸರಳವಾದುದು. ಭಾರವು ಬೆನ್ನೆಲುಬಿನ ನಡುಗೆರೆಗೆ ಸಮೀಪವಿದ್ದಷ್ಟೂ ಸ್ನಾಯುಗಳಿಗೆ ಶ್ರಮ ಕಡಿಮೆ, ದೂರ ಸರಿದಷ್ಟೂ ಹೆಚ್ಚು. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಸಿಂಬೆಯಿಟ್ಟು ಅದರ ಮೇಲೆ ಕೊಡ ಹೊರುವುದರ ಹಿಂದೆ ಇದೇ ತತ್ತ್ವವಿದೆ. ಒಂದೇ ಹೆಗಲಿಗೆ ರೈಫಲನ್ನು ತೂಗುಹಾಕಿದಾಗ ಇದಕ್ಕೆ ವ್ಯತಿರಿಕ್ತವಾಗುತ್ತದೆ. ಪಟ್ಟಿ ಜಾರದಂತೆ ಆ ಹೆಗಲು ಮೇಲೇಳುತ್ತದೆ, ಬೆನ್ನೆಲುಬು ಮತ್ತೊಂದು ಬದಿಗೆ ಬಾಗುತ್ತದೆ, ಕತ್ತಿನಿಂದ ಹೆಗಲಿಗೆ ಹಾಯ್ದ ಸ್ನಾಯುವು ಸತತವಾಗಿ ಬಿಗಿದಿರುತ್ತದೆ. ಸೇನೆಯ ಇನ್ಸಾಸ್ ರೈಫಲ್ ಮ್ಯಾಗಜೀನಿಲ್ಲದೆಯೇ 4 ಕಿ.ಗ್ರಾಂ. ಮೀರುತ್ತದೆ. ಇದು ಅರ್ಧ ಗಂಟೆಗೆ ಭಾರವೆನಿಸದಿರಬಹುದು, ಆದರೆ ಪುರಂದರದ ಏರಿಯಲ್ಲಿ ಎರಡು ತಾಸು ನಡೆದ ಮೇಲೆ ಅದೇ ನಾಲ್ಕು ಕಿಲೋ ತಲೆನೋವಾಗಿ ಪರಿಣಮಿಸುತ್ತದೆ. ಇದು ಅಲಂಕಾರದ ಮಾತಲ್ಲ. ಕತ್ತಿನ ಸ್ನಾಯುವಿನ ಬಿಗಿತದಿಂದ ತಲೆ ನೋಯುವುದು ವೈದ್ಯರಿಗೆ ನಿತ್ಯಪರಿಚಿತ.

ಇದಕ್ಕಿಂತ ಗಂಭೀರವಾದುದು ನರಗಳ ತೊಂದರೆ. ಕತ್ತಿನಿಂದ ಹೊರಟು ತೋಳಿಗೆ ಹೋಗುವ ನರಗಳ ಜಾಲವು ಕೊರಳೆಲುಬಿನ ಅಡಿಯಲ್ಲಿ ಹಾಯುತ್ತದೆ. ಕಿರಿದಾದ ಪಟ್ಟಿಯ ಭಾರವಾದ ಚೀಲ ಗಂಟೆಗಟ್ಟಲೆ ಅಲ್ಲಿ ಒತ್ತಿದರೆ ತೋಳು ಜೋಮು ಹಿಡಿಯುತ್ತದೆ, ಬಲಗುಂದುತ್ತದೆ. ಕೆಲವೊಮ್ಮೆ ಹೆಗಲ ಹಿಂದಿನ ಚಪ್ಪಟೆ ಎಲುಬು ರೆಕ್ಕೆಯಂತೆ ಹೊರಚಾಚುತ್ತದೆ. ಸೈನಿಕರಲ್ಲಿ ಕಂಡುಬಂದ ಈ ವ್ಯಾಧಿಗೆ ವೈದ್ಯಗ್ರಂಥಗಳಲ್ಲಿ ಚೀಲದ ಹೆಸರೇ ಅಂಟಿಕೊಂಡು ‘ರಕ್‌ಸ್ಯಾಕ್ ಪಾಲ್ಸಿ’ ಎಂದಾಗಿದೆ. ಇದರಲ್ಲಿ ನೋವು ಅಲ್ಪವಾಗಿರಬಹುದು, ಆದುದರಿಂದಲೇ ಅಲಕ್ಷ್ಯವಾಗುತ್ತದೆ. ಬಹುಮಂದಿ ಗುಣ ಹೊಂದುತ್ತಾರಾದರೂ ವಾರಗಳಿಂದ ತಿಂಗಳುಗಳೇ ಹಿಡಿಯಬಹುದು. ಗಟ್ಟಿ ಚೌಕಟ್ಟೂ ಸೊಂಟಪಟ್ಟಿಯೂ ಇರುವ ಚೀಲದಲ್ಲಿ ಈ ಅಪಾಯ ಕಡಿಮೆ.

ಆದ್ದರಿಂದ ಅಂಗಡಿಗೆ ಹೋದವರು ಮೊದಲು ನೋಡತಕ್ಕದ್ದು ಬಣ್ಣವನ್ನಲ್ಲ, ಜೇಬುಗಳ ಸಂಖ್ಯೆಯನ್ನೂ ಅಲ್ಲ, ಸೊಂಟಪಟ್ಟಿಯನ್ನು. ಅದು ಅಗಲವಾಗಿ, ಮೆತ್ತೆಯುಳ್ಳದ್ದಾಗಿ, ಸೊಂಟದ ಎಲುಬಿನ ಏಣಿನ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಕೂತರೆ ಪ್ರಯೋಜನವಿಲ್ಲ. ಸರಿಯಾಗಿ ಕೂತಾಗ ಭಾರದ ಹೆಚ್ಚಿನ ಪಾಲು ಕಾಲುಗಳಿಗಿಳಿದು, ಹೆಗಲು ಚೀಲವನ್ನು ಹಿಡಿದಿಡುವ ಕೆಲಸವನ್ನಷ್ಟೇ ಮಾಡುತ್ತದೆ. ಪಟ್ಟಿಯನ್ನು ಅತಿಯಾಗಿ ಬಿಗಿದರೆ ತೊಡೆಯ ಹೊರಮೈ ಮರಗಟ್ಟುವುದೂ ಉಂಟು. ಅಲ್ಲಿಯ ಚರ್ಮದ ನರ ಒತ್ತಲ್ಪಟ್ಟಿತೆಂದು ತಿಳಿದು ಸಡಿಲಿಸಬೇಕು.

ಎರಡನೆಯದು ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಕೈಗೆ ಸಿಗುವ ಎಲುಬಿನ ಗಂಟಿನಿಂದ ಸೊಂಟದ ಏಣಿನ ಮಟ್ಟದವರೆಗೆ ಟೇಪು ಹಿಡಿದು ಅಳೆಯಬೇಕು. ಎತ್ತರದವನ ಬೆನ್ನು ಗಿಡ್ಡವಾಗಿರಬಹುದು, ಅವನಿಗಿಂತ ತುಸು ಕುಳ್ಳಗಿರುವವರ ಬೆನ್ನು ಅದಕ್ಕಿಂತ ಉದ್ದವಾಗಿರಬಹುದು. ಎತ್ತರವನ್ನು ನೋಡಿ ಚೀಲ ಕೊಳ್ಳುವುದು ಕಾಲಳತೆ ನೋಡದೆ ಪಾದರಕ್ಷೆ ಕೊಂಡಂತೆಯೇ. ಎಂಟು ಹತ್ತು ಕಿಲೋ ತುಂಬಿಸಿ, ಅಂಗಡಿಯಲ್ಲಿಯೇ ಹೊತ್ತು, ಮೆಟ್ಟಿಲಿದ್ದರೆ ಹತ್ತಿಳಿದು ನೋಡಬೇಕು. ಅಂಗಡಿಯವನು ಬೇಸರಗೊಂಡರೆ ಗೊಳ್ಳಲಿ.

ರೈಫಲ್ ಹೊರಲೆಂದೇ ಮಾಡಿದ ಚೀಲಗಳಲ್ಲಿ ಬಂದೂಕಿನ ಹಿಡಿಯನ್ನು ಕೂರಿಸಲು ಕೆಳಗೊಂದು ಬಟ್ಟಲಿನಂಥ ಜೇಬೂ, ನಳಿಗೆಯನ್ನು ಕಟ್ಟಲು ಮೇಲೊಂದು ಪಟ್ಟಿಯೂ ಇರುತ್ತವೆ. ಚೀಲದ ನಡುವೆ ನೇರವಾಗಿ ನಿಲ್ಲಿಸಿದರೆ ಸಮತೋಲ ಉತ್ತಮ. ಆದರೆ ನಳಿಗೆಯು ತಲೆಯನ್ನು ಮೀರಿ ಚಾಚಿ ಮರದ ಕೊಂಬೆಗಳಿಗೆ ಸಿಕ್ಕಿಕೊಳ್ಳುವ ಸಂಭವವುಂಟು. ಬದಿಗೆ ಕಟ್ಟುವುದಾದರೆ ಮತ್ತೊಂದು ಬದಿಗೆ ನೀರಿನ ಬಾಟಲಿಯಂಥ ಸಮತೂಕದ ವಸ್ತುವನ್ನಿಡಬೇಕು. ಬಂದೂಕು ಬೆನ್ನಿಗೇರುವ ಮೊದಲು ಅದರಲ್ಲಿ ಗುಂಡಿಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಬೆನ್ನ ಹಿಂದಿನ ನಳಿಗೆ ಯಾರತ್ತ ತಿರುಗಿದೆಯೆಂಬುದು ಹೊತ್ತವನಿಗೆ ಕಾಣದು, ಅವನು ಬೂಟಿನ ಲಾಡಿ ಕಟ್ಟಲು ಬಗ್ಗಿದರೆ ಸಾಕು, ಹಿಂದಿದ್ದುದು ಎದುರಿನವನ ಕಡೆಗೆ ತಿರುಗಿಬಿಡುತ್ತದೆ.

ಬಿಲ್ಲಿನ ಸಮಸ್ಯೆ ಭಾರಕ್ಕಿಂತ ಉದ್ದದ್ದು. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯನು ಏರಿ ಕಾರಣಿಕ ನುಡಿಯುವ ಬಿಲ್ಲನ್ನಂತೂ ಯಾವ ಚೀಲವೂ ಹಿಡಿಸಲಾರದು! ಒಲಿಂಪಿಕ್ ಪಂದ್ಯಗಳಲ್ಲಿ 70 ಮೀಟರು ದೂರದ ಗುರಿಗೆ ಬಾಣ ಬಿಡುವ ಬಿಲ್ಲು ಮಾತ್ರ ಹಿಡಿಯೊಂದು, ರೆಕ್ಕೆಗಳೆರಡು ಎಂದು ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ, ಸಾಮಾನ್ಯ ಬೆನ್ನುಚೀಲದಲ್ಲಿ ಅಡಗುತ್ತದೆ. ಕೊಳ್ಳುವಾಗ ಹಿಡಿಗೂ ರೆಕ್ಕೆಗಳಿಗೂ ಪ್ರತ್ಯೇಕ ಮೆತ್ತೆಯ ಒರೆಗಳಿವೆಯೇ, ಬಾಣಗಳಿಗೆ ಮುಚ್ಚಳವುಳ್ಳ ಗಟ್ಟಿ ಕೊಳವೆಯಿದೆಯೇ ಎಂದು ನೋಡಬೇಕು. ಪೌರಾಣಿಕ ಚಲನಚಿತ್ರಗಳಲ್ಲಿ ನಾಯಕನು ಬೆನ್ನಿನ ಬತ್ತಳಿಕೆಯಿಂದ ಬಾಣ ಸೆಳೆಯುವುದನ್ನು ಕಂಡು ಹುಡುಗರು ಅದನ್ನೇ ಬಯಸುತ್ತಾರೆ. ಪಂದ್ಯದ ಬಿಲ್ಲುಗಾರರು ಬತ್ತಳಿಕೆಯನ್ನು ಸೊಂಟಕ್ಕೆ ಕಟ್ಟುತ್ತಾರೆ. ಬಾಣಕ್ಕಾಗಿ ಪ್ರತಿಸಲವೂ ತೋಳನ್ನು ತಲೆಯ ಮೇಲೆತ್ತುವ ಆಯಾಸವನ್ನು ಹೆಗಲಿಗೆ ಕೊಡಬೇಕಾದುದಿಲ್ಲ.

ತಂದೆತಾಯಿಗಳು ವಿಶೇಷವಾಗಿ ಗಮನಿಸಬೇಕಾದ ಲೆಕ್ಕವೊಂದಿದೆ. 2020ರ ಶಾಲಾಚೀಲ ನೀತಿಯಂತೆ ಪುಸ್ತಕದ ಚೀಲವು ಮಗುವಿನ ತೂಕದ ಶೇಕಡಾ 10ನ್ನು ಮೀರಕೂಡದು. ಹತ್ತು ಮೀಟರು ಸ್ಪರ್ಧೆಯ ಏರ್ ರೈಫಲ್ ನಿಯಮದಂತೆ 5.5 ಕಿ.ಗ್ರಾಂ.ವರೆಗೆ ತೂಗಬಹುದು. ಇದಕ್ಕೆ ಗಟ್ಟಿ ಪೆಟ್ಟಿಗೆ, ದಪ್ಪ ಕ್ಯಾನ್ವಾಸಿನ ಅಂಗಿ, ಷರಾಯಿ, ಬೂಟುಗಳು ಸೇರುತ್ತವೆ. 42 ಕಿಲೋ ತೂಕದ ಹುಡುಗಿಗೆ ಮಿತಿ 4.2 ಕಿಲೋ, ರೈಫಲ್ ಒಂದೇ ಅದನ್ನು ದಾಟಬಹುದು. ಇದನ್ನು ಒಂದು ಹೆಗಲಿಗೆ, ಶಾಲೆಯ ಚೀಲವನ್ನು ಇನ್ನೊಂದಕ್ಕೆ ಹಾಕಿಕೊಂಡು ಕಿಕ್ಕಿರಿದ ಸಿಟಿ ಬಸ್ಸಿನಲ್ಲಿ ನಿಂತು ಬಂದ ಮಗು ಅಭ್ಯಾಸದ ಗೆರೆಯ ಮೇಲೆ ನಿಂತಾಗ ಬೆನ್ನು ಆಗಲೇ ದಣಿದಿರುತ್ತದೆ. ನಿಂತು ಗುರಿಯಿಡುವ ಭಂಗಿಯಾದರೋ ಸೊಂಟವನ್ನು ಹಿಂದಕ್ಕೆ ಬಾಗಿಸಿ ತಿರುಚಿ ನಿಲ್ಲುವಂಥದು. ರೈಫಲ್ ಪಟುಗಳಲ್ಲಿ ಸೊಂಟನೋವು ಸಾಮಾನ್ಯವಾಗಿರುವುದು ಸುಮ್ಮನಲ್ಲ. ಮಗಳ ಕ್ರೀಡೆಗೆ ಸಾವಿರಾರು ರೂಪಾಯಿ ವೆಚ್ಚಮಾಡುವ ಮನೆಯಲ್ಲಿ ಅವಳು ಅದನ್ನು ಹೇಗೆ ಹೊತ್ತೊಯ್ಯುತ್ತಾಳೆಂದು ಯಾರೂ ಕೇಳದಿರುವುದು ಆಶ್ಚರ್ಯ. ಗಾಲಿಯುಳ್ಳ ಪೆಟ್ಟಿಗೆ, ಅಂಗಿ ಬೂಟುಗಳಿಗೆ ಎರಡು ಪಟ್ಟಿಯ ಬೆನ್ನುಚೀಲ, ಸಾಧ್ಯವಾದರೆ ಕೆಲವು ವಸ್ತುಗಳನ್ನು ಅಭ್ಯಾಸದ ಸ್ಥಳದಲ್ಲಿಯೇ ಇಡುವ ಏರ್ಪಾಡು, ಇಷ್ಟಾದರೆ ಭಾರ ಅರ್ಧಕ್ಕಿಳಿದೀತು. ಬೆಳೆದವರಿಗೆ ಚಾರಣದಲ್ಲಿ ತೂಕದ ಶೇಕಡಾ 15ರಿಂದ 20ರವರೆಗೆ ಸಾಧಾರಣ ಮಿತಿ. ಐವತ್ತು ದಾಟಿದವರೂ ಮಂಡಿನೋವಿನವರೂ ಅದಕ್ಕಿಂತ ಕಡಿಮೆಯಲ್ಲಿಯೇ ನಿಲ್ಲುವುದು ಲೇಸು.

ತುಂಬುವ ಕ್ರಮವೂ ಮುಖ್ಯ. ಹಾಸಿಗೆ ಬಟ್ಟೆಯಂಥ ಹಗುರ ವಸ್ತು ತಳದಲ್ಲಿ, ನೀರು ಧಾನ್ಯಗಳಂಥ ಭಾರವಾದುವು ನಡುವೆ ಬೆನ್ನಿಗೆ ಆತು, ಮಳೆಯಂಗಿ ಎಲ್ಲಕ್ಕೂ ಮೇಲೆ. ಹೊತ್ತ ಮೇಲೆ ಮೊದಲು ಸೊಂಟಪಟ್ಟಿ, ಅನಂತರ ಹೆಗಲಪಟ್ಟಿ, ಕಡೆಗೆ ಎದೆಪಟ್ಟಿ ಬಿಗಿಯಬೇಕು. ಗಂಟೆಗೊಮ್ಮೆ ಚೀಲವಿಳಿಸಿ ತೋಳುಗಳನ್ನಾಡಿಸಬೇಕು. ಬೆರಳು ಜುಮುಗುಟ್ಟಿದರೆ ಆಗಲೇ ನಿಲ್ಲಬೇಕು. ಮಾರನೆಯ ದಿನವೂ ತೋಳೆತ್ತಲು ಬಲ ಸಾಲದಿದ್ದರೆ ಎಣ್ಣೆ ನೀವಿಸಿಕೊಳ್ಳುತ್ತ ಕೂರದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಪುರಂದರವನ್ನೇರಲು ಬಯಸುವವರು ಗುರುತಿನ ಚೀಟಿಯನ್ನು ಕೈಗೆಟಕುವ ಜೇಬಿನಲ್ಲಿಡಲಿ, ಅದು ಸೇನೆಯ ವಶದಲ್ಲಿರುವ ಸ್ಥಳ. ಮಳೆಗಾಲದಲ್ಲಿ ಅಲ್ಲಿ ಮಂಜೂ ಜಡಿಯೂ ಬಿಡುವಿಲ್ಲದೆ ಇರುವುದರಿಂದ ಚೀಲದೊಳಗೊಂದು ದಪ್ಪ ಪ್ಲಾಸ್ಟಿಕ್ ಹೊದಿಕೆ ಬೇಕು. ಮನೆಗೆ ಮರಳಿದ ರಾತ್ರಿಯೇ ಚೀಲವನ್ನು ಪೂರ್ತಿ ಬರಿದುಮಾಡಿ, ತಲೆಕೆಳಗಾಗಿ ತೂಗುಹಾಕಿ, ಫ್ಯಾನಿನ ಗಾಳಿಗೆ ಆರಿಸಬೇಕು.