ಹಳೆಯ ಜೀಪಿನ ತುಕ್ಕು ಹಿಡಿದ ಶ್ಯಾಕಲ್ ಬಿಚ್ಚುವ ಬಗೆ

ನಮ್ಮ ಸದಸ್ಯರಲ್ಲಿ ಹಲವರ ಗೋದಾಮಿನ ಹಿಂದೆ ಒಂದು ಹಳೆಯ ಜೀಪು ನಿಂತಿರುವುದುಂಟು. ಹಿರಿಯರು ಕೊಂಡದ್ದು, ಅಡಿಕೆ ಮೂಟೆ, ಕಾಫಿ ಚೀಲ, ಗೊಬ್ಬರ ಹೊತ್ತದ್ದು, ಮಳೆಗಾಲದ ರಾತ್ರಿಗಳಲ್ಲಿ ರೋಗಿಗಳನ್ನು ಆಸ್ಪತ್ರೆ ಮುಟ್ಟಿಸಿದ್ದು. ಈಗ ಮಕ್ಕಳು ಅದನ್ನು ಮೊದಲಿನಂತೆ ಮಾಡಿ ಓಡಿಸಬೇಕೆಂದು ಉತ್ಸಾಹ ತೋರುತ್ತಿರುವುದು ಸಂತೋಷದ ವಿಷಯ. ಆದರೆ ಈ ಕೆಲಸದಲ್ಲಿ ಇಂಜಿನ್ನಿಗಿಂತ ಹೆಚ್ಚು ಕಾಡುವುದು ಅಡಿಯಲ್ಲಿರುವ ಪಟ್ಟಿ ಸ್ಪ್ರಿಂಗು, ಅದರ ಶ್ಯಾಕಲ್, ಬುಷ್ ಮತ್ತು ಯು ಬೋಲ್ಟುಗಳು. ಇವನ್ನು ಬಿಚ್ಚುವುದು ಬಲದ ಕೆಲಸವಲ್ಲ, ತಾಳ್ಮೆಯ ಕೆಲಸ. ನಾನು ಇದನ್ನು ಪೆಟ್ಟು ತಿಂದು ಕಲಿತವನಾದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ವಿಲ್ಲಿಸ್ ಜೀಪು ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ತಯಾರಾದ ವಾಹನ. 1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಕಂಪನಿ ಆ ದಶಕದ ಕೊನೆಯ ಹೊತ್ತಿಗೆ ಅದನ್ನು ನಮ್ಮ ದೇಶಕ್ಕೆ ತಂದಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1953ರಲ್ಲಿ ಹೊರಬಂದು 1968ರಲ್ಲಿ ನಿಂತಿತು. ಇಲ್ಲಿ ಅದೇ ಮಾದರಿ ಆಮೇಲೂ ಬಹುಕಾಲ ತಯಾರಾಯಿತು. ಮಲೆನಾಡಿನಲ್ಲಿ ನಾವು ನೋಡುವ ಹಳೆಯ ಜೀಪುಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಶ್ಯಾಕಲ್ ಎಂದರೆ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ, ಯು ಆಕಾರದ ಕೊಂಡಿ. ಗಾಡಿ ಕುಲುಕಿದಾಗ ಅದು ತೂಗಾಡಬೇಕು. ಗ್ರೀಸು ಒಣಗಿ ನೀರು ಹೊಕ್ಕರೆ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ತಿರುಪಿನ ಸಂದಿಯಲ್ಲಿ ಬಿಗಿದು ಕೂರುತ್ತದೆ. ನಮ್ಮ ಜೀಪುಗಳಿಗೆ ಇನ್ನೆರಡು ಶತ್ರುಗಳಿವೆ. ಒಂದು, ಚೀಲದಿಂದ ಸೋರಿದ ಪೊಟ್ಯಾಷ್. ಅದರಲ್ಲಿನ ಕ್ಲೋರೈಡ್ ಕಬ್ಬಿಣವನ್ನು ಬೇಗ ಕೊರೆಯುತ್ತದೆ. ಇನ್ನೊಂದು ಮೈಲುತುತ್ತು. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದರಲ್ಲಿ ಅದ್ದಿದ ಚಾಕುವಿನ ಮೇಲೆ ತಾಮ್ರದ ಕೆಂಪು ಕೂರುವುದನ್ನು ಎಲ್ಲರೂ ಬಲ್ಲೆವು. ಅಲ್ಲಿ ತಾಮ್ರ ಕೂತಷ್ಟೂ ಕಬ್ಬಿಣ ಕರಗಿರುತ್ತದೆ. ಡ್ರಮ್ಮಿನಿಂದ ತುಳುಕಿದ ತುತ್ತದ ನೀರು ಜೀಪಿನ ಅಡಿಯಲ್ಲಿ ಮಾಡುವುದೂ ಇದನ್ನೇ.

ಕೆಲಸಕ್ಕೆ ಮೊದಲು ಗಾಡಿಯನ್ನು ಭದ್ರವಾಗಿ ನಿಲ್ಲಿಸತಕ್ಕದ್ದು. ಒಮ್ಮೆ ನಾನು ಜಾಕ್ ಒಂದನ್ನೇ ನಂಬಿ ಹಿಂಭಾಗ ಎತ್ತಿ, ಸ್ಪ್ಯಾನರಿಗೆ ಪೈಪು ತುರುಕಿ ಜಗ್ಗಿದೆ. ಜಾಕ್ ವಾಲಿ ಜೀಪು ಧೊಪ್ಪನೆ ಕೂತಿತು. ಸಹಾಯಕ್ಕೆ ನಿಂತಿದ್ದ ಹುಡುಗ ಆಗ ತಾನೇ ಸ್ಪ್ರಿಂಗಿನ ಅಡಿಯಿಂದ ಕೈ ಹಿಂದಕ್ಕೆ ತೆಗೆದಿದ್ದ. ಇಂದಿಗೂ ಅದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಚಾಸಿಯ ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸೆಲಿಗೆ ಬೇರೆ ಆಧಾರ ಇಟ್ಟು, ನೆಲದಲ್ಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಹಾಕಿ. ಕಲ್ಲು, ಇಟ್ಟಿಗೆ ಪೇರಿಸಬೇಡಿ. ಸ್ಪ್ರಿಂಗಿನ ನಡುವಿನ ಬೋಲ್ಟನ್ನು ಬಿಚ್ಚುವುದಾದರೆ ಮೊದಲು ಪಟ್ಟಿಗಳಿಗೆ ಕ್ಲ್ಯಾಂಪ್ ಬಿಗಿಯಿರಿ. ಇಲ್ಲದಿದ್ದರೆ ಅವು ಸಿಡಿಯುತ್ತವೆ.

ಮುಂದಿನದು ಎಣ್ಣೆ. ತಂತಿ ಬ್ರಷ್ಷಿನಿಂದ ಮಣ್ಣು ಉಜ್ಜಿ ತೆಗೆದು, ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ದಿನಕ್ಕೆ ಎರಡು ಬಾರಿಯಂತೆ ಒಂದು ವಾರ ಹಾಕಿ. ಪ್ರತಿ ಬಾರಿಯೂ ಬುಷ್ಷಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ತುಕ್ಕು ಬಿರಿದು ಎಣ್ಣೆ ಒಳಗಿಳಿಯುತ್ತದೆ. ಜೋರು ಮಳೆಯ ತಿಂಗಳುಗಳಲ್ಲಿ ಜೀಪು ಹೇಗೂ ಮಾಡಿನಡಿ ನಿಂತಿರುವುದರಿಂದ ಈ ಕೆಲಸಕ್ಕೆ ಅದೇ ತಕ್ಕ ಕಾಲ.

ಸ್ಪ್ಯಾನರ್ ಹಿಡಿಯುವ ಮೊದಲು ಬುಷ್ಷಿನ ತಲೆಯನ್ನು ಒರೆಸಿ ನೋಡಿ. ವಿಲ್ಲಿಸ್ ಮಾದರಿಯ ಶ್ಯಾಕಲುಗಳಲ್ಲಿ ಕೆಲವು ಬುಷ್ಷುಗಳಿಗೆ ಎಡ ತಿರುಪು ಇರುತ್ತದೆ. ಅವುಗಳ ಆರುಮೂಲೆ ತಲೆಯ ಸುತ್ತ ಒಂದು ಗೀರು ಕೊರೆದಿರುತ್ತದೆ. ಇದನ್ನು ತಿಳಿಯದೆ ನಾನು ಅರ್ಧ ದಿನ ಒಂದನ್ನು ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುತ್ತಲೇ ಇದ್ದೆ. ಕೊನೆಗೆ ಶ್ಯಾಕಲಿನ ಕಾಲೇ ಮುರಿಯಿತು. ವರ್ಕ್‌ಶಾಪಿನ ಹಳೆಯ ಮೇಸ್ತ್ರಿ ಮುರಿದ ತುಂಡನ್ನು ತಿರುಗಿಸಿ ನೋಡಿ, "ಸ್ವಾಮಿ, ಗೀರು ನೋಡದೆ ಕೈ ಹಾಕಿದ್ರಾ?" ಎಂದಷ್ಟೇ ಕೇಳಿದರು. ಎಡ ತಿರುಪಿನದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಯಾವುದೇ ಆಗಲಿ, ಮೊದಲು ಕೂದಲೆಳೆಯಷ್ಟು ಬಿಗಿದು ಆಮೇಲೆ ಸಡಿಲಿಸಿ. ಕದಲಿತೆಂದು ಒಂದೇ ಸಮನೆ ತಿರುಗಿಸದೆ, ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಎಣ್ಣೆ ಹಾಕುತ್ತಾ ಹೊರತೆಗೆಯಿರಿ.

ಇಷ್ಟಕ್ಕೂ ಕದಲದಿದ್ದರೆ ಬೆಂಕಿಯ ಸರದಿ. 25 ಮಿಲಿಮೀಟರ್ ಅಗಲದ ಉಕ್ಕಿನ ಕಣ್ಣನ್ನು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಮಾಡಿದರೆ ಅದು ಸುಮಾರು 0.09 ಮಿಲಿಮೀಟರ್ ಹಿಗ್ಗುತ್ತದೆ. ತುಕ್ಕಿನ ಹಿಡಿತ ಬಿಡಿಸಲು ಅಷ್ಟು ಸಾಕಾಗುವುದುಂಟು. ಬಿಸಿ ಆರುತ್ತಿರುವಾಗ ಸಂದಿಗೆ ಮೇಣದ ಬತ್ತಿ ತಾಗಿಸಿದರೆ ಮೇಣ ಕರಗಿ ಒಳಗೆ ಹರಿಯುತ್ತದೆ. ಆದರೆ ಈ ಜೀಪುಗಳ ಪೆಟ್ರೋಲ್ ಟ್ಯಾಂಕು ಚಾಲಕನ ಆಸನದ ಅಡಿಯಲ್ಲೇ ಇರುವುದನ್ನು ಮರೆಯಬೇಡಿ. ಟ್ಯಾಂಕನ್ನು ಕಳಚಿ ದೂರ ಇಟ್ಟ ಮೇಲೆಯೇ ಬೆಂಕಿ ಹಚ್ಚಬೇಕು. ಖಾಲಿ ಟ್ಯಾಂಕಿನೊಳಗಿನ ಆವಿ ಹೆಚ್ಚು ಅಪಾಯಕಾರಿ. ಹಾಕಿದ ಎಣ್ಣೆಯನ್ನು ಒರೆಸಿ, ಬ್ರೇಕಿನ ರಬ್ಬರ್ ಕೊಳವೆಗಳನ್ನು ಕಳಚಿ ಪಕ್ಕಕ್ಕಿಟ್ಟು, ಒಂದು ಬಕೆಟ್ ಮರಳನ್ನು ಹತ್ತಿರವಿಟ್ಟುಕೊಳ್ಳಿ. ಉಳಿಸಿಕೊಳ್ಳಬೇಕೆಂದಿರುವ ಸ್ಪ್ರಿಂಗಿನ ಪಟ್ಟಿಗೆ ಮಾತ್ರ ಬೆಂಕಿ ತಾಗಿಸಬಾರದು; ಉಕ್ಕಿನ ಹದ ಕೆಟ್ಟು ಅದು ಮೆತ್ತಗಾಗುತ್ತದೆ.

ಯು ಬೋಲ್ಟುಗಳ ಮೇಲೆ ಇಷ್ಟು ಶ್ರಮ ಬೇಡ. ನಟ್ಟು ಕಚ್ಚಿಕೊಂಡಿದ್ದರೆ ಕೊಯ್ದು ಹಾಕಿ, ಹೊಸದನ್ನೇ ತನ್ನಿ. ಒಮ್ಮೆ ಎಳೆದು ಬಿಗಿದ ಯು ಬೋಲ್ಟನ್ನು ಮತ್ತೆ ಬಳಸುವುದು ಕ್ಷೇಮವಲ್ಲ. ತಿರುಪು ಸವೆದ ಶ್ಯಾಕಲ್, ಬುಷ್ಷುಗಳಿಗೂ ಇದೇ ಮಾತು. ಘಾಟಿ ಇಳಿಯುವಾಗ ಆಕ್ಸೆಲನ್ನು ಹಿಡಿದಿಡುವುದು ಇವೇ.

ಮತ್ತೆ ಜೋಡಿಸುವಾಗ ಮೇಲಿನ ಬುಷ್ಷನ್ನು ಅರ್ಧ ತಿರುಗಿಸಿ, ಆಮೇಲೆ ಕೆಳಗಿನದನ್ನು, ಹೀಗೆ ಒಂದಾದ ಮೇಲೊಂದರಂತೆ ಕೂರಿಸಿ. ಕೊನೆಗೆ ಶ್ಯಾಕಲ್ ಸರಾಗವಾಗಿ ತೂಗಾಡಬೇಕು. ಯು ಬೋಲ್ಟುಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆ ಪೂರ್ತಿ ಬಿಗಿದು, ಸ್ವಲ್ಪ ದೂರ ಓಡಿಸಿದ ನಂತರ ಇನ್ನೊಮ್ಮೆ ಪರೀಕ್ಷಿಸಿ.

ಗೊಬ್ಬರ, ತುತ್ತ ಸಾಗಿಸಿದ ದಿನವೇ ಗಾಡಿಯ ಅಡಿಗೆ ನೀರು ಹಾಯಿಸಿ ತೊಳೆದು, ಹಳೆಯ ಗ್ರೀಸು ಹೊರಬರುವವರೆಗೆ ನಿಪ್ಪಲುಗಳಿಗೆ ಹೊಸ ಗ್ರೀಸು ಒತ್ತುವ ರೂಢಿ ಇಟ್ಟುಕೊಂಡರೆ ಈ ಕಷ್ಟವೆಲ್ಲ ಮತ್ತೆ ಬಾರದು. ಸದಸ್ಯರಲ್ಲಿ ಒಂದೇ ವಿನಂತಿ: ಜೀಪಿನ ಕೆಲಸಕ್ಕೆ ಇಳಿಯುವ ಮಕ್ಕಳ ಕೈಗೆ ಸುತ್ತಿಗೆ ಕೊಡುವ ಮೊದಲು ನಾಲ್ಕು ಗಟ್ಟಿ ಸ್ಟ್ಯಾಂಡ್ ತಂದುಕೊಡಿ.