ನಡುರಾತ್ರಿಯ ಮನಸ್ಸಿಗೆ ಹಗುರಾದ ಕೆಲಸ

ರಾತ್ರಿ ಎರಡೂವರೆಗೋ ಮೂರಕ್ಕೋ ಎಚ್ಚರವಾಗುವುದು ತನ್ನಷ್ಟಕ್ಕೆ ಒಂದು ಕಾಯಿಲೆಯಲ್ಲ. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಗಾಢನಿದ್ದೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿದಿರುತ್ತದೆ. ಆಮೇಲಿನ ನಿದ್ದೆ ತೆಳು. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಕ್ಷಣಕಾಲ ಎಚ್ಚರವಾಗುವುದು ಸಹಜ, ಬೆಳಗ್ಗೆ ಅದು ನೆನಪಿರುವುದಿಲ್ಲ ಅಷ್ಟೆ. ಆ ಹೊತ್ತಿಗೆ ಮನಸ್ಸು ಸಾಲದ ಕಂತನ್ನೋ ಮಗಳ ಪರೀಕ್ಷೆಯನ್ನೋ ಆಫೀಸಿನಲ್ಲಿ ಯಾರೋ ಆಡಿದ ಮಾತನ್ನೋ ಹಿಡಿದುಕೊಂಡರೆ ಮಾತ್ರ ಕಷ್ಟ. ಆಗ ನಾವು ಮಾಡುವುದು ಆ ಯೋಚನೆಯನ್ನು ಹೊರದೂಡುವ ಕೆಲಸ. ನಿದ್ದೆ ಕೆಡಿಸುವುದರಲ್ಲಿ ಯೋಚನೆಯಷ್ಟೇ ಪಾಲು ಈ ದೂಡಾಟಕ್ಕೂ ಇದೆ. ಮನಸ್ಸನ್ನು ಖಾಲಿ ಮಾಡಲು ಹೆಣಗುವ ಬದಲು ಅದಕ್ಕೆ ಹಗುರಾದ ಇನ್ನೊಂದು ಕೆಲಸ ಹಚ್ಚುವುದೇ ಮೇಲು.

ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಗಂಟೆ ಮತ್ತೆ ಮತ್ತೆ ಮೊಳಗಿತು. ಬೇಡದ ಯೋಚನೆ ಬಂತೇ ಎಂದು ಕಾವಲು ಕಾಯಬೇಕಾದರೆ ಆ ಯೋಚನೆಯನ್ನೇ ನೆನಪಿಟ್ಟುಕೊಂಡಿರಬೇಕಲ್ಲ! ‘ನಿದ್ದೆ ಬಂತೇ?’ ಎಂದು ನೋಡಿಕೊಳ್ಳುವುದೂ ಇಂಥದೇ ಕಾವಲು. ಗಡಿಯಾರ ನೋಡಿ ‘ಇನ್ನು ಮೂರೇ ಗಂಟೆ’ ಎಂದು ಲೆಕ್ಕ ಹಾಕಿದೊಡನೆ ಆತಂಕ ಏರುತ್ತದೆ, ನಿದ್ದೆ ಇನ್ನಷ್ಟು ದೂರ ಸರಿಯುತ್ತದೆ.

ಹಾಗಾದರೆ ಯಾವ ಕೆಲಸ ಹಚ್ಚಬೇಕು? ಆಕ್ಸ್‌ಫರ್ಡ್‌ನಲ್ಲಿ ಆಲಿಸನ್ ಹಾರ್ವಿ ಮತ್ತು ಸುಜಾನಾ ಪೇನ್ 2002ರಲ್ಲಿ ನಿದ್ರಾಹೀನತೆಯಿರುವ 41 ಮಂದಿಯನ್ನು ಪರೀಕ್ಷಿಸಿದರು. ಹಿತವಾದ ದೃಶ್ಯವೊಂದನ್ನು ವಿವರವಾಗಿ ಕಲ್ಪಿಸಿಕೊಂಡವರು, ಯಾವ ಸೂಚನೆಯೂ ಇಲ್ಲದೆ ಮಲಗಿದವರಿಗಿಂತ ಬೇಗ ನಿದ್ದೆ ಹೋದುದಾಗಿ ತಿಳಿಸಿದರು. ಕೆನಡಾದ ಸಂಶೋಧಕ ಲುಕ್ ಬೊಡ್ವಾ ಸೂಚಿಸುವ ವಿಧಾನವೂ ಚಿತ್ರಗಳದ್ದೇ. ಭಾವನೆ ಕೆರಳಿಸದ ಒಂದು ಪದ ಆರಿಸಿಕೊಳ್ಳಿ, ‘ಬದನೆ’ ಎನ್ನೋಣ. ‘ಬ’ದಿಂದ ಬಳೆ, ಬಕೆಟ್, ಬಸವನಹುಳು, ಒಂದೊಂದನ್ನೂ ಕೆಲವು ಸೆಕೆಂಡು ಕಣ್ಣಮುಂದೆ ತಂದುಕೊಂಡು ಬಿಟ್ಟುಬಿಡಿ. ಸಾಕೆನಿಸಿದಾಗ ‘ದ’ಕ್ಕೆ ಬನ್ನಿ: ದಾಸವಾಳ, ದೋಸೆ, ದೀಪ. ಆಮೇಲೆ ನವಿಲು, ನಲ್ಲಿ, ನೇಗಿಲು. ಚಿಂತೆ ಬೆಳೆಯುವುದು ಒಂದಕ್ಕೊಂದು ಕೊಂಡಿ ಕೂಡಿಸುತ್ತ. ಬಳೆಗೂ ಬಸವನಹುಳುವಿಗೂ ಕೊಂಡಿಯೇ ಇಲ್ಲ.

ಎಣಿಕೆ, ನಾಮಜಪ ಸಾಲದೇ ಎಂದು ಕೇಳಬಹುದು. ಅದರಿಂದಲೇ ನಿದ್ದೆ ಬರುವವರು ಬದಲಿಸಬೇಕಿಲ್ಲ. ಆದರೆ ತುಟಿ ಜಪಿಸುತ್ತಿರುವಾಗಲೇ ಮನಸ್ಸು ಕಂತಿನ ಲೆಕ್ಕ ಹಾಕಬಲ್ಲದು. ಚಿತ್ರ ಕಟ್ಟುವಾಗ ಅಷ್ಟು ಬಿಡುವು ಸಿಗುವುದಿಲ್ಲ. ಚಿಂತೆ ನಿಜವಾದದ್ದೇ, ಅದನ್ನು ಮರೆತು ಬಸವನಹುಳು ನೋಡುತ್ತಿದ್ದರೆ ಸಾಲ ತೀರೀತೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ತೀರದು. ಆದರೆ ರಾತ್ರಿ ಮೂರು ಗಂಟೆಗೆ ಬ್ಯಾಂಕೂ ತೆರೆದಿರುವುದಿಲ್ಲ. ಆ ಚಿಂತೆಗೆ ತಕ್ಕ ಜಾಗ ಮಲಗುವ ಮುನ್ನ ಬರೆದಿಡುವ ಕಾಗದ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ (2018), ಮಲಗುವ ಮುನ್ನ ಐದು ನಿಮಿಷ ಮುಂದಿನ ದಿನಗಳ ಕೆಲಸಗಳನ್ನು ಪಟ್ಟಿ ಮಾಡಿದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ದೆಹೋದರು.

ಇಷ್ಟಾದರೂ ನಿದ್ದೆ ಬಾರದಿದ್ದರೆ, ಹೊರಳಾಡುವುದು ಬಿಟ್ಟು ಎದ್ದುಬಿಡುವುದು ಲೇಸು. ಹಾಸಿಗೆಯೆಂದರೆ ಚಡಪಡಿಕೆ ಎಂಬ ನಂಟು ಬೆಳೆಯಬಾರದೆಂದು 1972ರಲ್ಲೇ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ ಕೊಟ್ಟ ಸಲಹೆಯಿದು. ಮಂದ ಬೆಳಕಿನಲ್ಲಿ ಏನಾದರೂ ಓದಿ, ತೂಕಡಿಕೆ ಬಂದಾಗ ಮರಳಬೇಕು; ಮೊಬೈಲು ಮಾತ್ರ ಬೇಡ. ಉಸಿರುಕಟ್ಟುವ ಗೊರಕೆ, ಖಿನ್ನತೆ, ತಿಂಗಳುಗಟ್ಟಲೆಯ ನಿದ್ರಾಹೀನತೆ ಇದ್ದವರಿಗೆ ವೈದ್ಯರೇ ಬೇಕು. ಅಲ್ಲೂ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಬರುವುದು ಯೋಚನೆ, ಅಭ್ಯಾಸಗಳನ್ನು ತಿದ್ದುವ ಸಿಬಿಟಿ-ಐ ಚಿಕಿತ್ಸೆ. ದೀರ್ಘಕಾಲದ ನಿದ್ರಾಹೀನತೆಗೆ ಅದನ್ನೇ ಮೊದಲು ಕೊಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಈ ಚಿಕಿತ್ಸೆ ರೋಗಿಗೆ ಕಲಿಸುವ ಪಾಠಗಳಲ್ಲೊಂದು, ನಿದ್ದೆಯನ್ನು ಹಟ ಹಿಡಿದು ಕರೆಯುವುದನ್ನು ಬಿಡುವುದು.