ಅಣಬೆಯ ಗೋಡೆ ಒಡೆಯುವ ಸದ್ದು

ಚಿಕ್ಕಜಾಜೂರು ಹೆಚ್ಚಿನವರಿಗೆ ಗೊತ್ತಿರುವುದು ರೈಲು ಬದಲಿಸುವ ಊರಾಗಿ. ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಹಾದಿ ಕವಲೊಡೆಯುವುದು ಇಲ್ಲಿ. ಸುತ್ತಲಿನ ಹೊಳಲ್ಕೆರೆ ಸೀಮೆಯಲ್ಲಿ ಅಡಿಕೆ ತೋಟಗಳಿವೆ, ತೋಟ ಇದ್ದಲ್ಲಿ ಉದುರಿದ ಹಾಳೆ, ಕಾಯಿ ಬಿಡಿಸಿದ ಗೊನೆಕಡ್ಡಿಯ ರಾಶಿಯೂ ಇರುತ್ತದೆ. ಈ ಕಸದ ಮೇಲೆ ಚಿಪ್ಪಣಬೆ ಬೆಳೆಯಬಹುದೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಣಬೆ ಬೀಜವನ್ನೂ ತರಬೇತಿಯನ್ನೂ ಕೊಡುತ್ತದೆ.

ಬೆಳೆಯುವುದಕ್ಕಿಂತ ಮಾರುವುದು ಕಷ್ಟ. ಅಣಬೆಯಲ್ಲಿ ಹತ್ತಿರಹತ್ತಿರ ನೂರಕ್ಕೆ 90 ಪಾಲು ನೀರು. ಕಿತ್ತ ಒಂದೆರಡು ದಿನಕ್ಕೇ ಬಾಡಿ ಲೋಳೆಯಾಗುತ್ತದೆ. ಪ್ಯಾಕೆಟ್ಟಿಗೆ ಹಾಕುವ ಮೊದಲು ಕತ್ತರಿಸಿ ಎಸೆಯುವ ಗಟ್ಟಿ ತೊಟ್ಟು ಬೇರೆ. ಪ್ರಯೋಗಾಲಯದವರ ಕಣ್ಣು ಬಿದ್ದಿರುವುದು ಆ ತೊಟ್ಟಿನ ಮೇಲೂ.

ಕಾರಣ, ಅದರಲ್ಲಿರುವ ಪಾಲಿಸ್ಯಾಕರೈಡ್‌ಗಳು, ಅಂದರೆ ಸಕ್ಕರೆಯ ಕಣಗಳು ಕೊಂಡಿ ಬೆಸೆದು ಆದ ಉದ್ದನೆಯ ಸರಪಳಿಗಳು. ಅವುಗಳಲ್ಲಿ ಹೆಸರಾದದ್ದು ಬೀಟಾ-ಗ್ಲುಕಾನ್. ಜಪಾನಿನ ಗೋರೊ ಚಿಹಾರಾ ಮತ್ತು ಸಂಗಡಿಗರು 1969ರಲ್ಲಿ ಶಿಟಾಕೆ ಅಣಬೆಯಿಂದ ಲೆಂಟಿನಾನ್ ಎಂಬ ಬೀಟಾ-ಗ್ಲುಕಾನನ್ನು ಬೇರ್ಪಡಿಸಿ, ಅದು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಡೆಯಿತೆಂದು ವರದಿ ಮಾಡಿದರು. 1985ರಲ್ಲಿ ಅಲ್ಲಿನ ಸರ್ಕಾರ ಅದನ್ನು ಜಠರದ ಕ್ಯಾನ್ಸರಿಗೆ ಇತರ ಔಷಧದ ಜೊತೆ ಕೊಡುವ ಚುಚ್ಚುಮದ್ದಾಗಿ ಒಪ್ಪಿತು. ಚುಚ್ಚುಮದ್ದಾಗಿ ಎಂಬುದನ್ನು ಗಮನಿಸಬೇಕು. ಅಣಬೆ ಪಲ್ಯ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆಂದು ಯಾರೂ ಹೇಳಿರಲಿಲ್ಲ, ವಾಟ್ಸ್‌ಆ್ಯಪ್ ಬರುವವರೆಗೆ.

ಈ ಸರಪಳಿಗಳು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಅಣಬೆಯ ಜೀವಕೋಶದ ಗೋಡೆಯಲ್ಲಿ ಅವು ಕೈಟಿನ್ ಜೊತೆ ಹೆಣೆದುಕೊಂಡಿವೆ. ಸಿಗಡಿಯ ಸಿಪ್ಪೆಯಲ್ಲಿರುವುದೂ ಅದೇ ಕೈಟಿನ್. ಹಳೆಯ ವಿಧಾನದಲ್ಲಿ ಒಣ ಅಣಬೆ ಪುಡಿಯನ್ನು ನೀರಿನಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಮನೆಯ ಅಣಬೆ ಸಾರಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಸೌದೆ ಇರಲಿ ಕರೆಂಟು ಇರಲಿ, ಖರ್ಚು ಜಾಸ್ತಿ, ಗೋಡೆಯೊಳಗೆ ಉಳಿಯುವುದೂ ಜಾಸ್ತಿ.

ಶ್ರವಣಾತೀತ ಧ್ವನಿ ಕೆಲಸಕ್ಕೆ ಬರುವುದು ಇಲ್ಲಿ. ಪುಡಿ ಕಲಸಿದ ನೀರಿಗೆ ಲೋಹದ ಕಡ್ಡಿಯೊಂದನ್ನು ಇಳಿಬಿಟ್ಟು ಸೆಕೆಂಡಿಗೆ ಸುಮಾರು 20 ಸಾವಿರ ಸಲ ಕಂಪಿಸುವಂತೆ ಮಾಡುತ್ತಾರೆ. ನೀರು ಹಿಗ್ಗಿದಾಗ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟಿ ಬೆಳೆಯುತ್ತವೆ, ಕುಗ್ಗಿದಾಗ ಒಳಕ್ಕೆ ಕುಸಿಯುತ್ತವೆ. ಕುಸಿಯುವ ಗುಳ್ಳೆಯ ಲೆಕ್ಕಾಚಾರವನ್ನು ಲಾರ್ಡ್ ರ‍್ಯಾಲೆ 1917ರಷ್ಟು ಹಿಂದೆಯೇ ಬರೆದಿದ್ದರು, ಅಣಬೆಗಾಗಿ ಅಲ್ಲ, ಹಡಗಿನ ಪ್ರೊಪೆಲರ್ ಸವೆಯುವುದೇಕೆಂಬ ಚಿಂತೆಯಲ್ಲಿ. ಗುಳ್ಳೆಯೊಳಗೆ ಕ್ಷಣಮಾತ್ರ ಸಾವಿರಾರು ಡಿಗ್ರಿ ಶಾಖ ಹುಟ್ಟುತ್ತದೆ. ಪಕ್ಕದಲ್ಲಿ ಜೀವಕೋಶದ ಗೋಡೆಯಿದ್ದರೆ ನೀರಿನ ಸಣ್ಣ ಚಿಲುಮೆ ಅದಕ್ಕೆ ಬಡಿದು ಸೀಳುತ್ತದೆ. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ, ಅದೂ ಕುದಿಯದ ನೀರಿನಲ್ಲಿ.

ಧ್ವನಿ ಕಿವಿಗೆ ಕೇಳದಂಥದ್ದು ಅಂದುಕೊಂಡು ಪ್ರಯೋಗಾಲಯದ ಒಳಗೆ ಹೋದವರು ಕಿವಿ ಮುಚ್ಚಿಕೊಳ್ಳುತ್ತಾರೆ, ಗುಳ್ಳೆಗಳ ಕೀಚಲು ಅಷ್ಟು ಜೋರು. ಬೀಕರ್ ಬಿಸಿಯಾಗದಂತೆ ಸುತ್ತ ಮಂಜುಗಡ್ಡೆ ಇಟ್ಟಿರುತ್ತಾರೆ. ಆಮೇಲೆ ಸೋಸಿದ ತಿಳಿಗೆ ಅದರ ಮೂರು-ನಾಲ್ಕು ಪಟ್ಟು ಮದ್ಯಸಾರ ಸುರಿದು ರಾತ್ರಿಯಿಡೀ ತಂಪಿನಲ್ಲಿಟ್ಟರೆ, ಮೋಡ ಕಟ್ಟಿದಂತೆ ಬೆಳ್ಳಗೆ ಎಳೆಎಳೆಯಾಗಿ ಇಳಿಯುವುದೇ ಪಾಲಿಸ್ಯಾಕರೈಡ್.

ಧ್ವನಿ ಅತಿಯಾದರೆ ಗೋಡೆಯ ಜೊತೆ ಸರಪಳಿಯೂ ತುಂಡಾಗುತ್ತದೆ. ಲೆಂಟಿನಾನಿನ ಗುಣ ಅದರ ಮೂರೆಳೆಯ ಹುರಿಯಲ್ಲಿದೆ ಎನ್ನುವವರಿದ್ದಾರೆ; ಹುರಿ ಬಿಚ್ಚಿದರೆ ತೂಕ ಸಿಕ್ಕೀತು, ಗುಣ ಸಿಗದೆ ಹೋದೀತು. ಇಳುವರಿಯ ಅಂಕಿಯನ್ನಷ್ಟೇ ಮೆರೆಸುವ ವರದಿಗಳನ್ನು ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು.

ಹಾಗಾದರೆ ಹೊಳಲ್ಕೆರೆಯ ಬೆಳೆಗಾರ ಈ ಯಂತ್ರ ತರಬೇಕೆ? ಬೇಡ. ಮದ್ಯಸಾರದ ಲೈಸೆನ್ಸು, ಶುದ್ಧೀಕರಣ, ಪರೀಕ್ಷೆ, ಇವೆಲ್ಲ ಕಾರ್ಖಾನೆಯ ಬಾಬತ್ತು. ಬೆಳೆಗಾರನ ಕೈಲಾಗುವುದು ಮಾರದೆ ಉಳಿದ ಅಣಬೆ, ತೊಟ್ಟುಗಳನ್ನು ಬೂಸು ಹಿಡಿಯದಂತೆ ಗರಿಗರಿಯಾಗಿ ಒಣಗಿಸಿಡುವುದು. ಚಿತ್ರದುರ್ಗದ ಒಣಹವೆ ಅಣಬೆ ಬೆಳೆಯಲು ತೊಡಕಾದರೂ ಒಣಗಿಸಲು ಅನುಕೂಲ. ಹತ್ತು ಕಿಲೋ ಹಸಿ ಅಣಬೆಗೆ ಒಂದು ಕಿಲೋದಷ್ಟು ಒಣಗಿದ್ದು ಸಿಗುತ್ತದೆ.

ಅಣಬೆ ಪುಡಿಯ ಡಬ್ಬಿ ಕೊಳ್ಳುವವರಿಗೂ ಒಂದು ಮಾತು. ಅಣಬೆ ಬೀಜ ತಯಾರಾಗುವುದು ಬೇಯಿಸಿದ ಜೋಳದಂಥ ಕಾಳಿನ ಮೇಲೆ. ಆ ಕಾಳಿನ ಸಮೇತ ಪುಡಿ ಮಾಡಿ ಡಬ್ಬಿಗೆ ತುಂಬಿದರೆ, ಜೋಳದ ಪಿಷ್ಟವೂ ‘ಪಾಲಿಸ್ಯಾಕರೈಡ್’ ಲೆಕ್ಕಕ್ಕೇ ಸೇರುತ್ತದೆ, ಪಿಷ್ಟವೂ ಸಕ್ಕರೆಯ ಸರಪಳಿಯೇ ತಾನೆ. ಡಬ್ಬಿಯ ಮೇಲೆ ನೋಡಬೇಕಾದ್ದು ಬೀಟಾ-ಗ್ಲುಕಾನ್ ಎಷ್ಟು ಎಂಬ ಅಂಕಿ.